ಗಿನಿಹಂದಿಯ ಮೂತ್ರಕೋಶದ ಕಲ್ಲು: ಓದುಗರ ಐದು ಪತ್ರಗಳಿಗೆ ಉತ್ತರ

ಬೇಸಿಗೆ ಬಲಿತಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗಿನಿಹಂದಿಗಳ ಮೂತ್ರದ ತೊಂದರೆಯನ್ನು ಕುರಿತವು ಹೆಚ್ಚಾಗಿವೆ. ಆದ್ದರಿಂದ ನಾಯಿ, ಬೆಕ್ಕುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಸಲ ಇದೊಂದೇ ವಿಷಯದ ಐದು ಪತ್ರಗಳನ್ನು ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಾನು ಮಂಡ್ಯದಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮ ಮನೆಯಲ್ಲಿ ಮೂರು ವರ್ಷದ ಗಂಡು ಗಿನಿಹಂದಿಯೊಂದಿದೆ. ನಾಲ್ಕು ದಿನಗಳಿಂದ ಅದು ಮೂತ್ರ ಮಾಡುವಾಗ ಬೆನ್ನನ್ನು ಗೂನು ಮಾಡಿಕೊಂಡು, ಹಿಂಭಾಗವನ್ನು ಎತ್ತಿ, ಕೀರಲು ದನಿಯಲ್ಲಿ ಕೂಗುತ್ತದೆ. ಹಾಸಿದ ಬಟ್ಟೆಯ ಮೇಲೆ ಒಂದೆರಡು ಕಡೆ ನಸುಗೆಂಪು ಕಲೆಗಳಿವೆ. ಪಕ್ಕದ ಮನೆಯವರು ಹಸುವಿಗೆಂದು ತರುವ ಕುದುರೆ ಮಸಾಲೆ ಸೊಪ್ಪನ್ನು ದಿನವೂ ಕೊಡುತ್ತೇವೆ. ಮೈಗೆ ಶಕ್ತಿ ಬರಲೆಂದು ರಾಗಿ ಹಿಟ್ಟಿನ ಪುಟ್ಟ ಉಂಡೆಯನ್ನೂ ಕೊಡುತ್ತೇವೆ. ಕಲ್ಲಿದ್ದರೆ ಕರಗಲಿ ಎಂದು ಎರಡು ದಿನ ಬಾಳೆದಿಂಡಿನ ರಸವನ್ನು ಸಿರಿಂಜಿನಲ್ಲಿ ಕುಡಿಸಿದೆ, ಎಳನೀರನ್ನೂ ಕೊಟ್ಟೆ. ಇದು ಕಲ್ಲೇ ಇರಬಹುದೆ? ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುವುದೆ?

ಉತ್ತರ: ಮೊದಲು ಒಂದು ವಿಷಯವನ್ನು ಗಮನಿಸಿ, ಉಳಿದದ್ದನ್ನು ಆಮೇಲೆ ಓದಿ. ಈ ದಿನ ಅದು ಮೂತ್ರ ಮಾಡಿದೆಯೇ? ಗೂಡಿನಲ್ಲಿರುವ ಬಟ್ಟೆಯನ್ನೆಲ್ಲ ತೆಗೆದು, ಒಗೆದ ಬಿಳಿ ಬಟ್ಟೆಯೊಂದನ್ನು ಹಾಸಿ, ಎರಡು ಮೂರು ಗಂಟೆ ಬಿಟ್ಟು ನೋಡಿ. ಒದ್ದೆಯಾದ ಗುರುತು ಒಂದೂ ಇಲ್ಲದಿದ್ದರೆ, ಅಥವಾ ಪ್ರಾಣಿ ಮತ್ತೆ ಮತ್ತೆ ಮುಕ್ಕರಿದು ಒಂದೊಂದೇ ಹನಿ ಹಾಕುತ್ತಿದ್ದರೆ, ರಾತ್ರಿಯಾಗಿದ್ದರೂ ಸರಿ, ವೈದ್ಯರಿಗೆ ಫೋನ್ ಮಾಡಿ ಹೊರಡಿ. ಗಂಡು ಗಿನಿಹಂದಿಯ ಮೂತ್ರ ಹೊರಬರುವ ನಾಳ ಉದ್ದವಾಗಿಯೂ ಕಿರಿದಾಗಿಯೂ ಇರುವುದರಿಂದ ಅಕ್ಕಿಕಾಳಿನಷ್ಟು ಕಲ್ಲು ಸಹ ಅಲ್ಲಿ ಸಿಕ್ಕಿಕೊಂಡು ದಾರಿಯನ್ನು ಪೂರ್ತಿ ಮುಚ್ಚಬಲ್ಲದು. ಹಾಗೆ ಮುಚ್ಚಿದರೆ ಮೂತ್ರಕೋಶ ಉಬ್ಬಿ, ಒತ್ತಡ ಹಿಂದಕ್ಕೆ ಮೂತ್ರಪಿಂಡಗಳ ಮೇಲೆ ಬಿದ್ದು, ಒಂದೆರಡು ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹೊಟ್ಟೆಯ ಕೆಳಭಾಗ ಗಟ್ಟಿ ಚೆಂಡಿನಂತೆ ಕೈಗೆ ಸಿಕ್ಕರೆ ಅದನ್ನು ಅಮುಕಿ ಮೂತ್ರ ಹೊರಹಾಕಿಸಲು ದಯವಿಟ್ಟು ಯತ್ನಿಸಬೇಡಿ, ಬಿಗಿದ ಮೂತ್ರಕೋಶ ಒಳಗೇ ಒಡೆದುಹೋಗಬಹುದು.

ಮೂತ್ರ ಧಾರಾಳವಾಗಿ ಬರುತ್ತಿದ್ದರೂ ಈ ವಾರವನ್ನು ಹೀಗೆಯೇ ಕಳೆಯಬೇಡಿ. ಗಿನಿಹಂದಿ ಕಾಡಿನಲ್ಲಿ ಎಲ್ಲರಿಗೂ ಬೇಟೆಯಾಗುತ್ತಿದ್ದ ಪ್ರಾಣಿ, ಆದ್ದರಿಂದ ನೋವನ್ನು ಮರೆಮಾಚುವುದು ಅದಕ್ಕೆ ಹುಟ್ಟುಗುಣ. ಅಂಥದ್ದು ಬಾಯಿಬಿಟ್ಟು ಕೂಗುವಷ್ಟಾಗಿದೆ ಎಂದರೆ ನೋವು ನಾವು ಊಹಿಸುವುದಕ್ಕಿಂತ ಬಹಳ ಮುಂದೆ ಹೋಗಿರುತ್ತದೆ. ನೀವು ಬರೆದ ಲಕ್ಷಣಗಳು ಕಲ್ಲಿನತ್ತಲೇ ಬೆರಳು ತೋರಿಸುತ್ತವೆ, ಆದರೆ ಕೇವಲ ಉರಿಯೂತವಿದ್ದಾಗಲೂ, ಮೂತ್ರಕೋಶದಲ್ಲಿ ಸುಣ್ಣದ ಕೆಸರು ಕಟ್ಟಿದಾಗಲೂ ಪ್ರಾಣಿ ಹೀಗೆಯೇ ಕೂಗುತ್ತದೆ. ಇವನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲು ನನ್ನಿಂದಲೂ ಆಗದು, ಎಕ್ಸ್‌ರೇ ಬೇಕು. ಗಿನಿಹಂದಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಕಾರ್ಬೊನೇಟ್‌ನವು, ಅವು ಎಕ್ಸ್‌ರೇಯಲ್ಲಿ ಮೂಳೆಯಷ್ಟೇ ಬೆಳ್ಳಗೆ ಕಾಣುತ್ತವೆ. ಎಲ್ಲಿದೆ, ಎಷ್ಟು ದೊಡ್ಡದು, ಒಂದೇ ಅಥವಾ ಹಲವೇ ಎಂಬುದೆಲ್ಲ ಒಂದೇ ಚಿತ್ರದಲ್ಲಿ ತಿಳಿಯುತ್ತದೆ. ಚಿತ್ರ ತೆಗೆಯುವಾಗ ಹಿಂಗಾಲುಗಳ ನಡುವಿನ ಭಾಗವೂ ಪೂರ್ತಿ ಬರುವಂತೆ ಕೇಳಿಕೊಳ್ಳಿ, ಏಕೆಂದರೆ ನಾಳದ ತುದಿಯಲ್ಲಿ ಸಿಕ್ಕಿಕೊಂಡ ಕಲ್ಲು ಚೌಕಟ್ಟಿನ ಹೊರಗೆ ಉಳಿದು ತಪ್ಪಿಹೋಗುವುದುಂಟು. ಮಂಡ್ಯದಲ್ಲಿ ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವವರು ಸಿಗದಿದ್ದರೆ ಮೈಸೂರಿಗೆ ಬನ್ನಿ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ವಿಚಾರಿಸಬಹುದು.

ಇನ್ನು ಬಾಳೆದಿಂಡಿನ ವಿಷಯ. ನಮ್ಮ ಕಡೆ ಕಲ್ಲು ಎಂದೊಡನೆ ಬಾಳೆದಿಂಡು, ಹುರುಳಿಕಟ್ಟು, ಬಾರ್ಲಿ ನೀರು ನೆನಪಾಗುವುದು ಸಹಜ, ನೀವು ಅಕ್ಕರೆಯಿಂದಲೇ ಕೊಟ್ಟಿದ್ದೀರಿ. ಆದರೆ ಮನುಷ್ಯರಲ್ಲಿ ಸಾಮಾನ್ಯವಾಗಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್‌ನ ಕಲ್ಲು, ನಾಯಿಗಳಲ್ಲಿ ಸ್ಟ್ರೂವೈಟ್ ಎಂಬ ಇನ್ನೊಂದು ಬಗೆಯೂ ಸಾಮಾನ್ಯ, ಮತ್ತು ಅದನ್ನು ವಿಶೇಷ ಆಹಾರದಿಂದ ಕರಗಿಸಲು ಸಾಧ್ಯವಿದೆ. ಗಿನಿಹಂದಿಯ ಕಲ್ಲು ಈ ಎರಡೂ ಅಲ್ಲ. ಬೋರ್‌ವೆಲ್ ನೀರು ಕಾಯಿಸುವ ಮನೆಗಳಲ್ಲಿ ಹಂಡೆಯ ತಳಕ್ಕೆ, ಗೀಸರ್‌ನ ಸುರುಳಿಗೆ ಕಟ್ಟುವ ಬಿಳಿ ಕರೆಯನ್ನು ನೀವು ನೋಡಿರುತ್ತೀರಿ. ಆ ಕರೆಯೂ ಈ ಕಲ್ಲೂ ರಾಸಾಯನಿಕವಾಗಿ ಒಂದೇ. ಕೆಲವು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಲ್ಲೊಂದನ್ನು ಮನೆಯವರ ಅಂಗೈಯಲ್ಲಿ ಇಟ್ಟಿದ್ದೆ. ಕಡಲೆಬೇಳೆಯಷ್ಟು ಗಾತ್ರ, ಮಾಸಲು ಹಳದಿ, ಮೈಯೆಲ್ಲ ಉಪ್ಪುಕಾಗದದಂತೆ ಒರಟು. ಅದರ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟಾಗ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. "ಹಾಗಾದರೆ ನಿಂಬೆರಸ ಕುಡಿಸಿದ್ದರೆ ಸಾಕಿತ್ತಲ್ಲವೇ?" ಎಂದು ಅವರ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಆದರೆ ಕುಡಿಸಿದ ಹುಳಿ ಹುಳಿಯಾಗಿಯೇ ಮೂತ್ರಕೋಶವನ್ನು ತಲುಪುವುದಿಲ್ಲ; ಸೊಪ್ಪು ಹುಲ್ಲು ತಿನ್ನುವ ಈ ಪ್ರಾಣಿಯ ಮೂತ್ರ ಸ್ವಭಾವತಃ ಕ್ಷಾರೀಯ, ಅದರ ಪಿಎಚ್ ಸಾಮಾನ್ಯವಾಗಿ 8ರಿಂದ 9ರ ನಡುವೆ ಇರುತ್ತದೆ. ಅದನ್ನು ಬಲವಂತವಾಗಿ ಆಮ್ಲೀಯ ಮಾಡಹೊರಟರೆ ಕಲ್ಲು ಕರಗುವ ಮೊದಲು ಪ್ರಾಣಿ ಕುಸಿಯುತ್ತದೆ. ಒಮ್ಮೆ ಕಟ್ಟಿದ ಈ ಕಲ್ಲನ್ನು ಕರಗಿಸುವ ಆಹಾರವಾಗಲಿ, ರಸವಾಗಲಿ, ಔಷಧವಾಗಲಿ ಇಲ್ಲ. ಎಳನೀರಿನಲ್ಲಿ ಸಕ್ಕರೆಯ ಅಂಶವಿರುವುದರಿಂದ ಅದರ ಹೊಟ್ಟೆಗೂ ಹೊಂದದು. ಇವೆರಡನ್ನೂ ಈ ದಿನವೇ ನಿಲ್ಲಿಸಿ.

ಶಸ್ತ್ರಚಿಕಿತ್ಸೆಗೆ ಹೆದರುವುದು ತಪ್ಪಲ್ಲ, ಒಂದು ಕಿಲೋ ತೂಕದ ಪ್ರಾಣಿಗೆ ಅರಿವಳಿಕೆಯೇ ದೊಡ್ಡ ಗಂಡಾಂತರ. ಆದರೂ ಮೂತ್ರಕೋಶದಲ್ಲಿ ಕೂತ ದೊಡ್ಡ ಕಲ್ಲಿಗೆ ಗಂಡಿನಲ್ಲಿ ಅದೊಂದೇ ದಾರಿ. ಹೊಟ್ಟೆಯನ್ನು ಬಿಡಿಸಿ, ಮೂತ್ರಕೋಶವನ್ನು ಸೀಳಿ, ಕಲ್ಲು ತೆಗೆದು, ಒಳಗಿನ ಕೆಸರನ್ನೆಲ್ಲ ತೊಳೆದು ಹೊಲಿಯುತ್ತಾರೆ. ನಾಯಿಗೆ ಮಾಡುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬಾರದು. ಗಿನಿಹಂದಿಗೆ ವಾಂತಿಯಾಗುವುದಿಲ್ಲ, ಅದರ ಕರುಳು ಕೆಲವೇ ಗಂಟೆ ಖಾಲಿಯಿದ್ದರೂ ಚಲನೆ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಹುಲ್ಲನ್ನು ಯಾವಾಗ ತೆಗೆಯಬೇಕು, ಎಚ್ಚರವಾದ ಎಷ್ಟು ಹೊತ್ತಿಗೆ ಮತ್ತೆ ತಿನ್ನಿಸಬೇಕು ಎಂಬುದನ್ನು ಶಸ್ತ್ರವೈದ್ಯರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ನೋವಿನ ಔಷಧವನ್ನು ಮೊದಲ ಭೇಟಿಯಲ್ಲೇ ಕೇಳಿ. ಮೆಲಾಕ್ಸಿಕ್ಯಾಮ್ ಎಂಬುದನ್ನು ತೂಕ ನೋಡಿ ಕೊಡುತ್ತಾರೆ, ನೋವು ತಗ್ಗಿದ ಕೂಡಲೇ ಎಷ್ಟೋ ಪ್ರಾಣಿಗಳು ತಿನ್ನತೊಡಗುತ್ತವೆ. ನಮ್ಮ ಮನೆಯ ಔಷಧ ಡಬ್ಬಿಯಿಂದ ಮಾತ್ರೆ ಅರೆದು ಕೊಡಬೇಡಿ.

ಕುದುರೆ ಮಸಾಲೆ ಮತ್ತು ರಾಗಿಯ ಬಗ್ಗೆ ಕೆಳಗೆ ನಾಲ್ಕನೆಯ ಪತ್ರಕ್ಕೆ ವಿವರವಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಅವೆರಡೂ ಒಟ್ಟಿಗೆ, ಅದೂ ದಿನವೂ ನಡೆದಿರುವುದು ಈ ತೊಂದರೆಗೆ ಖಂಡಿತ ಕೈಜೋಡಿಸಿದೆ ಎಂದು ನನ್ನ ಅಭಿಪ್ರಾಯ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಮನೆಯ ಮಕ್ಕಳಿಗೆ ಒಳ್ಳೆಯದಾದದ್ದು ಇದಕ್ಕೂ ಒಳ್ಳೆಯದೆಂದು ಯಾರಾದರೂ ಭಾವಿಸುತ್ತಾರೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನಮ್ಮ ಎರಡು ಗಿನಿಹಂದಿಗಳ ಮೂತ್ರ ಒಣಗಿದ ಮೇಲೆ ನೆಲದಲ್ಲಿ ಸುಣ್ಣದ ಪುಡಿಯಂತೆ ಬಿಳಿ ಉಳಿಯುತ್ತದೆ. ಕೆಲವು ದಿನ ಕಿತ್ತಳೆ, ಕೆಲವು ದಿನ ಕಂದುಗೆಂಪು ಕಲೆ ಕಾಣುತ್ತದೆ. ಎರಡೂ ಚೆನ್ನಾಗಿ ತಿಂದು ಓಡಾಡಿಕೊಂಡಿವೆ. ಇದು ರೋಗವೆ?

ಉತ್ತರ: ನೀವು ವರ್ಣಿಸಿದ್ದು ಆರೋಗ್ಯವಂತ ಗಿನಿಹಂದಿಯ ಮೂತ್ರವೇ ಆಗಿರುವ ಸಾಧ್ಯತೆ ಹೆಚ್ಚು. ದೇಹಕ್ಕೆ ಬೇಡವಾದ ಸುಣ್ಣದಂಶವನ್ನು ಈ ಪ್ರಾಣಿ ಮೂತ್ರದಲ್ಲಿ ಹೊರಹಾಕುವುದರಿಂದ ಮೂತ್ರ ಕಲಕಿದ ಮಜ್ಜಿಗೆ ನೀರಿನಂತಿದ್ದು, ಒಣಗಿದಾಗ ನಯವಾದ ಬಿಳಿ ಪುಡಿ ಉಳಿಯುವುದು ಸಹಜ. ಆ ಪುಡಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಂತೆ ನಯವಾಗಿದ್ದರೆ ಚಿಂತೆಯಿಲ್ಲ. ಸಣ್ಣ ರವೆಯಂತೆ ಬೆರಳಿಗೆ ಚುಚ್ಚಿದರೆ, ಅಥವಾ ಮೂತ್ರವೇ ಹಿಟ್ಟು ಕಲಸಿದಂತೆ ಮಂದವಾಗಿ ಬರುತ್ತಿದ್ದರೆ ಕೆಸರು ಕಟ್ಟುತ್ತಿದೆ ಎಂದು ತಿಳಿದು ಪರೀಕ್ಷೆ ಮಾಡಿಸಬೇಕು.

ಬಣ್ಣದ ವಿಷಯದಲ್ಲಿ ಸಮಯವನ್ನು ನೋಡಬೇಕು. ಹುಯ್ದಾಗ ತಿಳಿ ಹಳದಿಯಿದ್ದು ಗಾಳಿಗೆ ಒಡ್ಡಿದ ಮೇಲೆ ಕಂದುಗೆಂಪಿಗೆ ತಿರುಗಿದರೆ ಅದು ಸೊಪ್ಪು ತರಕಾರಿಗಳಿಂದ ಬಂದ ಬಣ್ಣ, ಬೀಟ್‌ರೂಟ್ ಅಥವಾ ಕ್ಯಾರೆಟ್ ಕೊಟ್ಟ ಮರುದಿನ ಹೆಚ್ಚು ಕಾಣುತ್ತದೆ. ಹುಯ್ಯುವಾಗಲೇ ಕೆಂಪಾಗಿದ್ದರೆ, ಅಥವಾ ಹಳದಿಯ ನಡುವೆ ಕೆಂಪು ಎಳೆಗಳಿದ್ದರೆ ರಕ್ತವೆಂದೇ ಎಣಿಸಿ. ಅನುಮಾನವಿದ್ದಾಗ ಔಷಧದ ಅಂಗಡಿಯಲ್ಲಿ ಸಿಗುವ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡನ್ನು ಹೊಸ ಕಲೆಯ ಮೇಲೆ ಒಂದೆರಡು ಹನಿ ಬಿಟ್ಟರೆ ರಕ್ತವಿದ್ದಲ್ಲಿ ನೊರೆ ಏಳುತ್ತದೆ. ಪ್ರಾಣಿಯ ಮೈಗೆ ಅದನ್ನು ತಾಗಿಸಬೇಡಿ. ನೊರೆ ಬರಲಿಲ್ಲವೆಂದು ಪೂರ್ತಿ ನೆಮ್ಮದಿ ಪಡುವುದೂ ಸರಿಯಲ್ಲ, ವೈದ್ಯರ ಬಳಿಯ ಪರೀಕ್ಷಾ ಪಟ್ಟಿ ಇದಕ್ಕಿಂತ ನಂಬಿಕೆಗೆ ಅರ್ಹ.

ಪ್ರಶ್ನೆ: ನಾನು ಶ್ರೀರಂಗಪಟ್ಟಣದವನು. ನಮ್ಮ ಗಿನಿಹಂದಿಯ ಮೂತ್ರದಲ್ಲಿ ರಕ್ತ ಕಂಡಾಗ ಸೋಂಕು ಇರಬಹುದೆಂದು ಮಗುವಿಗೆ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್ ಸಿರಪ್ಪನ್ನು ಕೆಲವು ಹನಿ ಕುಡಿಸಿದೆ. ಎರಡನೆಯ ದಿನಕ್ಕೆ ಹಿಕ್ಕೆ ತೆಳ್ಳಗಾಗಿ, ಅದು ಹುಲ್ಲು ಮುಟ್ಟುತ್ತಿಲ್ಲ. ಔಷಧವನ್ನು ಪೂರ್ಣಗೊಳಿಸಬೇಕೆ?

ಉತ್ತರ: ಈ ಪತ್ರ ತಲುಪಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದೇನೆ, ಇಲ್ಲಿ ಮತ್ತೆ ಬರೆಯುತ್ತಿರುವುದು ಉಳಿದವರಿಗಾಗಿ. ಅದನ್ನು ಕೊಡಲೇಬಾರದು. ಗಿನಿಹಂದಿಯ ಆಹಾರ ಜೀರ್ಣವಾಗುವುದು ಅದರ ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಿಂದ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಬಾಯಿಯಲ್ಲಿ ಕೊಡುವ ಸೆಫಲೆಕ್ಸಿನ್ ಬಗೆಯವು, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಇವೆಲ್ಲ ಆ ಉಪಕಾರಿ ಜೀವಿಗಳನ್ನು ಕೊಂದು, ಅವುಗಳ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚಲು ಎಡೆಮಾಡಿಕೊಡುತ್ತವೆ. ಅದರ ವಿಷ ರಕ್ತಕ್ಕೆ ಸೇರಿದರೆ ಕೆಲವೇ ದಿನಗಳಲ್ಲಿ ಸಾವು. ನಮ್ಮ ಮಕ್ಕಳಿಗೆ ಅತ್ಯಂತ ಸೌಮ್ಯವೆಂದು ಹೆಸರಾದ ಔಷಧವೇ ಈ ಪ್ರಾಣಿಗೆ ವಿಷವಾಗುವುದನ್ನು ಮೊದಲ ಸಲ ಕಂಡಾಗ ನನಗೂ ದಿಗಿಲಾಗಿತ್ತು.

ಸೋಂಕು ನಿಜವಾಗಿ ಇದ್ದರೆ ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್ ಹಾಗೂ ಸಲ್ಫಾ ಕೂಡಿದ ಔಷಧವನ್ನು ಪಶುವೈದ್ಯರು ತೂಕಕ್ಕೆ ತಕ್ಕಂತೆ ಬರೆದುಕೊಡುತ್ತಾರೆ. ನಾಯಿಗಳನ್ನೇ ಹೆಚ್ಚಾಗಿ ನೋಡುವ ವೈದ್ಯರ ಬಳಿ ಹೋಗಿದ್ದರೆ "ಪೆನಿಸಿಲಿನ್ ಜಾತಿಯದಲ್ಲ ತಾನೇ?" ಎಂದು ಕೇಳಲು ಸಂಕೋಚಪಡಬೇಡಿ. ತಿನ್ನದ ಗಿನಿಹಂದಿಗೆ ಅದರ ಕಾಳಿನ ಉಂಡೆಗಳನ್ನು (ಅಂಗಡಿಯ ಪೊಟ್ಟಣದಲ್ಲಿ ಸಿಗುವ ಪೆಲೆಟ್‌ಗಳನ್ನು) ಬಿಸಿನೀರಿನಲ್ಲಿ ನೆನೆಸಿ, ಅರೆದು, ತಣಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ, ನುಂಗುವುದನ್ನು ನೋಡಿಕೊಂಡೇ ತಿನ್ನಿಸಬೇಕು, ರಾತ್ರಿಯೂ ಕೆಲವು ಗಂಟೆಗೊಮ್ಮೆ ಎದ್ದು.

ಪ್ರಶ್ನೆ: ಮೈಸೂರಿನ ಸರಸ್ವತಿಪುರದ ನಮ್ಮ ಗಂಡು ಗಿನಿಹಂದಿಗೆ ಎಂಟು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆ ಮಾಡಿಸಿ ಕಲ್ಲು ತೆಗೆಸಿದೆವು. ಈಗ ಮತ್ತೆ ಎಕ್ಸ್‌ರೇಯಲ್ಲಿ ಚಿಕ್ಕದೊಂದು ಕಾಣುತ್ತಿದೆ. ಏನು ಕೊಡಬೇಕು, ಏನು ಬಿಡಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೋರ್‌ವೆಲ್ ನೀರು ಕಾರಣವೆ? ಸುಣ್ಣದಂಶವಿರುವ ಎಲ್ಲವನ್ನೂ ನಿಲ್ಲಿಸಿಬಿಡಬೇಕೆ?

ಉತ್ತರ: ಕಲ್ಲು ಮರುಕಳಿಸುವುದು ಈ ಪ್ರಾಣಿಯಲ್ಲಿ ದುರದೃಷ್ಟವಶಾತ್ ಸಾಮಾನ್ಯ. ನಿಮ್ಮ ಪಾಲನೆಯಲ್ಲಿ ಕೊರತೆಯಿತ್ತೆಂದು ಅದರಿಂದ ಅರ್ಥ ಮಾಡಿಕೊಳ್ಳಬೇಕಿಲ್ಲ. ಕಲ್ಲು ಕಟ್ಟುವುದಕ್ಕೆ ಆಹಾರದ ಸುಣ್ಣವೊಂದೇ ಹೊಣೆಯಲ್ಲ. ಕುಡಿಯುವ ನೀರು ಸಾಲದಿರುವುದು, ಓಡಾಟವಿಲ್ಲದೆ ಒಂದೇ ಮೂಲೆಯಲ್ಲಿ ಕೂತಿರುವುದು, ಬೊಜ್ಜು, ಒಳಗಿನ ಉರಿಯೂತ, ಆ ಪ್ರಾಣಿಯ ವಂಶದ ಒಲವು ಎಲ್ಲವೂ ಸೇರುತ್ತವೆ. ಇವುಗಳಲ್ಲಿ ನಮ್ಮ ಕೈಯಲ್ಲಿರುವುದು ನೀರು, ಹುಲ್ಲು, ಓಡಾಟ. ನಾನು ನೀರಿನಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಸೊಪ್ಪಿನ ಪಟ್ಟಿಯ ಬಗ್ಗೆ ಕೇಳುತ್ತಾರೆ, ನೀರಿನ ಪ್ರಮಾಣವನ್ನು ಯಾರೂ ಅಳೆದಿರುವುದಿಲ್ಲ.

ಗಿನಿಹಂದಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 100 ಮಿಲಿಲೀಟರ್ ನೀರು ಬೇಕು, ಹಸಿ ಸೊಪ್ಪಿನಲ್ಲಿ ಸಿಗುವ ನೀರೂ ಇದರಲ್ಲಿ ಸೇರುತ್ತದೆ. ಕಳೆದ ವರ್ಷ ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಹೊಸ ಬಡಾವಣೆಯ ಮನೆಯೊಂದರಿಂದ ಬಂದ ಗಿನಿಹಂದಿಯ ನೀರಿನ ಬಾಟಲಿಯನ್ನೂ ತರಲು ಹೇಳಿದ್ದೆ. ಬಾಟಲಿಯ ಕೊಳವೆಯ ತುದಿಯಲ್ಲಿ ನಾಲಗೆ ತಾಗಿದಾಗ ಉರುಳಬೇಕಾದ ಉಕ್ಕಿನ ಗುಂಡು ಸುತ್ತ ಸುಣ್ಣ ಕಟ್ಟಿ ಕಚ್ಚಿಕೊಂಡುಬಿಟ್ಟಿತ್ತು. ಮನೆಯವರು ಪ್ರತಿದಿನ ಹೊಸ ನೀರು ತುಂಬುತ್ತಿದ್ದರು, ಪ್ರಾಣಿ ಪ್ರತಿದಿನ ಒಣ ಲೋಹವನ್ನು ನೆಕ್ಕುತ್ತಿತ್ತು. ಆದ್ದರಿಂದ ಬೆಳಿಗ್ಗೆ ಬಾಟಲಿಯ ತುದಿಯನ್ನು ಬೆರಳಿನಿಂದ ಒತ್ತಿ ಹನಿ ಬೀಳುವುದನ್ನು ನೋಡಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ, ಮರುದಿನ ಎಷ್ಟು ಇಳಿದಿದೆ ಎಂದು ಗುರುತಿಸಿ. ಬಾಟಲಿಯ ಜೊತೆಗೆ ಅಗಲವಾದ, ಭಾರವಾದ ಪಿಂಗಾಣಿ ಬಟ್ಟಲನ್ನೂ ಇಡಿ. ಬಟ್ಟಲಿನಿಂದ ಹಲವು ಗಿನಿಹಂದಿಗಳು ಹೆಚ್ಚು ಕುಡಿಯುತ್ತವೆ. ಸೊಪ್ಪನ್ನು ತೊಳೆದು ಒರೆಸದೆ ಹಾಗೆಯೇ ಒದ್ದೆಯಾಗಿ ಕೊಟ್ಟರೆ ಇನ್ನಷ್ಟು ನೀರು ಒಳಗೆ ಹೋಗುತ್ತದೆ.

ನೀರಿನ ಗಡಸುತನದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಮೈಸೂರಿನಲ್ಲಿ ನಲ್ಲಿಗೆ ಬರುವ ಕಾವೇರಿ ಅಥವಾ ಕಬಿನಿ ನೀರು ಸಾಕಷ್ಟು ಮೆದು, ಅದನ್ನು ಧಾರಾಳವಾಗಿ ಕೊಡಬಹುದು. ಹಂಡೆಗೆ ಕರೆ ಕಟ್ಟುವಷ್ಟು ಗಡಸಾದ ಬೋರ್‌ವೆಲ್ ನೀರು ಮಾತ್ರ ಇದ್ದರೆ, ಕಲ್ಲು ಬಂದುಹೋದ ಪ್ರಾಣಿಗೆ ಮನೆಯಲ್ಲಿ ನೀವು ಕುಡಿಯುವ ಶುದ್ಧೀಕರಿಸಿದ ನೀರನ್ನೇ ಕೊಡಿ. ಆದರೂ ಆಹಾರದಿಂದ ಹೋಗುವ ಸುಣ್ಣಕ್ಕೆ ಹೋಲಿಸಿದರೆ ನೀರಿನಿಂದ ಹೋಗುವುದು ಕಡಿಮೆ. ಬೋರ್‌ವೆಲ್ ನೀರೆಂದು ಹೆದರಿ ನೀರನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಈಗ ಆಹಾರ. ಗಿನಿಹಂದಿಯ ಊಟದ ಬಹುಪಾಲು ಒಣಹುಲ್ಲಾಗಿರಬೇಕು, ಯಾವ ಹೊತ್ತಿನಲ್ಲಿ ನೋಡಿದರೂ ಗೂಡಿನಲ್ಲಿ ಹುಲ್ಲಿರಬೇಕು. ಅಂಗಡಿಗಳಲ್ಲಿ ಸಿಗುವ ಟಿಮೊಥಿ ಹುಲ್ಲು ಒಳ್ಳೆಯದು, ಆದರೆ ದುಬಾರಿ. ಕೊಳ್ಳಲಾಗದವರು ರೋಡ್ಸ್ ಹುಲ್ಲು, ಗಿನಿ ಹುಲ್ಲು, ಕೀಟನಾಶಕ ಬೀಳದ ಜಾಗದ ಗರಿಕೆ ಇವುಗಳನ್ನು ನೆರಳಿನಲ್ಲಿ ಒಣಗಿಸಿ ಕೊಡಬಹುದು. ಮಂಡ್ಯದ ಸುತ್ತಿನವರಿಗೆ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುವುದರಿಂದ ಯಾವ ಹುಲ್ಲು ಯಾವುದೆಂದು ಗುರುತಿಸಿಕೊಳ್ಳಲು ಅಲ್ಲಿ ಸಹಾಯ ಸಿಕ್ಕೀತು. ಕುದುರೆ ಮಸಾಲೆ, ಅಂದರೆ ಲೂಸರ್ನ್, ನೋಡಲು ಹುಲ್ಲಿನ ಕಟ್ಟಿನಂತಿದ್ದರೂ ಹುಲ್ಲಲ್ಲ, ದ್ವಿದಳ ಜಾತಿಯ ಗಿಡ. ಒಣಗಿದ ಲೆಕ್ಕದಲ್ಲಿ ಅದರಲ್ಲಿ ಹುಲ್ಲಿಗಿಂತ ಸುಮಾರು ಮೂರು ಪಟ್ಟು ಕ್ಯಾಲ್ಸಿಯಂ ಇರುತ್ತದೆ. ಹಾಲು ಕೊಡುವ ಹಸುವಿಗೆ ಅದು ಬೇಕು, ಬೆಳೆಯುವ ಮರಿಗಳಿಗೂ ಗಬ್ಬದ ಹೆಣ್ಣಿಗೂ ಸ್ವಲ್ಪ ಕೊಡಬಹುದು, ಆರು ತಿಂಗಳು ದಾಟಿದ ಸಾಮಾನ್ಯ ಗಿನಿಹಂದಿಗೆ ಬೇಡ. ಪೊಟ್ಟಣದ ಕಾಳಿನ ಉಂಡೆಗಳನ್ನು ಕೊಳ್ಳುವಾಗಲೂ ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರು ಆಲ್ಫಾಲ್ಫಾ ಎಂದಿದೆಯೇ ನೋಡಿ, ಅದು ಇದೇ ಕುದುರೆ ಮಸಾಲೆಯ ಇನ್ನೊಂದು ಹೆಸರು. ಟಿಮೊಥಿಯಿಂದ ಮಾಡಿದ್ದನ್ನು ದಿನಕ್ಕೆ ಒಂದೆರಡು ದೊಡ್ಡ ಚಮಚ ಕೊಟ್ಟರೆ ಸಾಕು.

ರಾಗಿಯ ಬಗ್ಗೆ ಹೇಳುವಾಗ ನನಗೂ ಸ್ವಲ್ಪ ನೋವಾಗುತ್ತದೆ, ಏಕೆಂದರೆ ಮಂಡ್ಯ, ಮೈಸೂರಿನವರಾದ ನಮಗೆ ರಾಗಿಗಿಂತ ಮೇಲಾದ ಧಾನ್ಯವಿಲ್ಲ. ಅದರ ಹಿರಿಮೆಯೇ ಇಲ್ಲಿ ತೊಡಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅಲ್ಲದೆ ಹಿಟ್ಟು, ಧಾನ್ಯ, ರೊಟ್ಟಿ, ಬಿಸ್ಕತ್ತು ಯಾವುದೂ ಗಿನಿಹಂದಿಯ ಕರುಳಿಗೆ ತಕ್ಕದ್ದಲ್ಲ. ಸೊಪ್ಪಿನಲ್ಲಿ ನುಗ್ಗೆ ಮತ್ತು ದಂಟು 100 ಗ್ರಾಂಗೆ 300 ಮಿಲಿಗ್ರಾಂ ಮೀರುತ್ತವೆ, ಕರಿಬೇವು 600 ಮೀರುತ್ತದೆ, ಅಗಸೆ ಸೊಪ್ಪು ಅದಕ್ಕೂ ಹೆಚ್ಚು. ಇವನ್ನು ನಿಮ್ಮ ಪ್ರಾಣಿಗೆ ಬಿಟ್ಟುಬಿಡಿ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲದಿದ್ದರೂ ಆಕ್ಸಲೇಟ್ ಹೆಚ್ಚು, ಅದೂ ಬೇಡ. ಕೊತ್ತಂಬರಿ ಸೊಪ್ಪು ನಡುವಿನದು, ವಾರಕ್ಕೆ ಒಂದೆರಡು ಸಲ ನಾಲ್ಕಾರು ಎಳೆ ಸಾಕು. ದಿನವೂ ಧೈರ್ಯವಾಗಿ ಕೊಡಬಹುದಾದದ್ದು ದೊಣ್ಣೆಮೆಣಸಿನಕಾಯಿ, ಸೌತೆಕಾಯಿ, ಲೆಟ್ಯೂಸ್. ದೇವರಾಜ ಮಾರುಕಟ್ಟೆಗೆ ಹೋದಾಗ ದೊಣ್ಣೆಮೆಣಸಿನಕಾಯಿ ತನ್ನಿ ಎಂದು ನಾನು ಎಲ್ಲರಿಗೂ ಹೇಳುವುದುಂಟು. ಅದರಲ್ಲಿ ನೀರು ಹೆಚ್ಚು, ಸುಣ್ಣ ಬಹಳ ಕಡಿಮೆ, ವಿಟಮಿನ್ ಸಿ ಮಾತ್ರ 100 ಗ್ರಾಂಗೆ 80ರಿಂದ 120 ಮಿಲಿಗ್ರಾಂವರೆಗೆ ಇರುತ್ತದೆ.

ಆ ವಿಟಮಿನ್ ಬಗ್ಗೆ ಒಂದು ಮಾತು. ಮನುಷ್ಯರಂತೆ ಗಿನಿಹಂದಿಯೂ ವಿಟಮಿನ್ ಸಿ ಅನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯ ನಂತರ 30 ಮಿಲಿಗ್ರಾಂವರೆಗೆ ಬೇಕು. ಅದು ಕಡಿಮೆಯಾದರೆ ಮೂತ್ರಕೋಶದ ಗಾಯವೂ ಮಾಯುವುದಿಲ್ಲ. ಮಾತ್ರೆಯನ್ನು ಕುಡಿಯುವ ನೀರಿನಲ್ಲಿ ಕರಗಿಸಿಡುವ ರೂಢಿ ಹಲವು ಮನೆಗಳಲ್ಲಿದೆ. ಬೆಳಕಿಗೆ ಅದು ಬೇಗ ಕೆಡುತ್ತದೆ, ರುಚಿ ಬದಲಾಗಿ ಪ್ರಾಣಿ ನೀರನ್ನೇ ಬಿಡುತ್ತದೆ, ಹಾಗಾಗಿ ಕಲ್ಲಿನ ಪ್ರಾಣಿಗೆ ಅದು ಎರಡು ಬಗೆಯ ನಷ್ಟ. ದೊಣ್ಣೆಮೆಣಸಿನಕಾಯಿಯ ಒಂದು ದೊಡ್ಡ ಹೋಳಿನಲ್ಲಿಯೇ ಅದರ ಪಾಲು ಬಂದುಬಿಡುತ್ತದೆ.

ಹಾಗೆಂದು ಸುಣ್ಣದಂಶವಿರುವ ಎಲ್ಲವನ್ನೂ ನಿಲ್ಲಿಸಬೇಡಿ. ಜೀವಮಾನವಿಡೀ ಬೆಳೆಯುವ ಹಲ್ಲುಗಳಿಗೂ ಮೂಳೆಗಳಿಗೂ ಅದು ಬೇಕು. ಹುಲ್ಲಿನಿಂದ ಬರುವಷ್ಟು ಅದಕ್ಕೆ ಸಾಕು. ಈಗ ಕಾಣುತ್ತಿರುವ ಚಿಕ್ಕ ಕಲ್ಲಿಗೆ ತಕ್ಷಣ ಶಸ್ತ್ರಚಿಕಿತ್ಸೆಯೋ, ಕಾದು ನೋಡುವುದೋ ಎಂಬುದನ್ನು ಅದು ಎಲ್ಲಿದೆ ಎಂಬುದರ ಮೇಲೆ ನಿಮ್ಮ ವೈದ್ಯರು ನಿರ್ಧರಿಸಬೇಕು. ಕಾಯುವುದಾದರೆ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ವಾರ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ವಾರದಲ್ಲಿ 50 ಗ್ರಾಂ ಇಳಿದರೆ ಎಚ್ಚರ, 100 ಗ್ರಾಂ ಇಳಿದರೆ ಅದೇ ದಿನ ವೈದ್ಯರ ಬಳಿಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶೀಟಿನ ಮನೆ, ಬಿಸಿಲು ಬೀಳುವ ಬಾಲ್ಕನಿ ಬೇಡ. 27 ಡಿಗ್ರಿ ದಾಟಿದರೆ ಈ ಪ್ರಾಣಿಗೆ ಸೆಕೆ ತಡೆಯದು, ಮೈಯ ನೀರು ಆರಿದಂತೆ ಮೂತ್ರ ಗಟ್ಟಿಯಾಗುತ್ತದೆ.

ಪ್ರಶ್ನೆ: ಪಾಂಡವಪುರದ ನಮ್ಮ ಐದು ವರ್ಷದ ಹೆಣ್ಣು ಗಿನಿಹಂದಿಗೆ ಮೂತ್ರದಲ್ಲಿ ರಕ್ತ. ಮೂರು ಸಲ ಆಂಟಿಬಯಾಟಿಕ್ ಕೊಡಿಸಿದೆವು, ಪ್ರತಿ ಸಲ ಕೆಲವು ದಿನ ನಿಂತು ಮತ್ತೆ ಬರುತ್ತದೆ. ಎಕ್ಸ್‌ರೇಯಲ್ಲಿ ಕಲ್ಲಿಲ್ಲ ಎಂದರು. ಮೂತ್ರ ಮಾಡುವಾಗ ಕೂಗುವುದೂ ಇಲ್ಲ. ಮುಂದೇನು?

ಉತ್ತರ: ಕಲ್ಲಿಲ್ಲ, ನೋವಿಲ್ಲ, ವಯಸ್ಸು ಐದು. ಈ ಮೂರನ್ನು ಕೂಡಿಸಿ ನೋಡಿದರೆ ರಕ್ತ ಮೂತ್ರಕೋಶದಿಂದ ಬರುತ್ತಿದೆ ಎಂಬುದನ್ನೇ ನಾನು ಪ್ರಶ್ನಿಸುತ್ತೇನೆ. ವಯಸ್ಸಾದ ಹೆಣ್ಣು ಗಿನಿಹಂದಿಗಳಲ್ಲಿ ಅಂಡಾಶಯದ ನೀರುಗುಳ್ಳೆಗಳು ಬಹಳ ಸಾಮಾನ್ಯ, ಗರ್ಭಕೋಶದ ಗಡ್ಡೆಗಳೂ ಉಂಟು. ಅಲ್ಲಿಂದ ಸುರಿಯುವ ರಕ್ತ ಹಾಸಿಗೆಯ ಮೇಲೆ ಮೂತ್ರದೊಡನೆ ಬೆರೆತು ಮೂತ್ರದ್ದೇ ಎಂದು ಕಾಣುತ್ತದೆ. ಹೆಣ್ಣಿನಲ್ಲಿ ಮೂತ್ರದ ದ್ವಾರ ಮತ್ತು ಯೋನಿಯ ದ್ವಾರ ಬೇರೆ ಬೇರೆಯಾಗಿರುವುದರಿಂದ ಹತ್ತಿರದಿಂದ ನೋಡಿದರೆ ಒಮ್ಮೊಮ್ಮೆ ರಕ್ತ ಎಲ್ಲಿಂದ ಎಂಬುದು ಕಣ್ಣಿಗೇ ಕಾಣುತ್ತದೆ. ತೊಳೆದು ಒರೆಸಿದ ಸ್ಟೀಲ್ ತಟ್ಟೆಯ ಮೇಲೆ ಅದನ್ನು ಸ್ವಲ್ಪ ಹೊತ್ತು ಕೂರಿಸಿ. ಮೂತ್ರ ಪೂರ್ತಿ ಒಂದೇ ಸಮನೆ ಕೆಂಪಾಗಿದ್ದರೆ ಒಂದು ಅರ್ಥ, ಹಳದಿ ಮೂತ್ರದ ಪಕ್ಕದಲ್ಲಿ ರಕ್ತದ ಹನಿಗಳೋ ಹೆಪ್ಪೋ ಬೇರೆಯಾಗಿ ಬಿದ್ದಿದ್ದರೆ ಇನ್ನೊಂದು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೋಗಿ, ಒಣಗಿದ ಬಟ್ಟೆ ತೋರಿಸುವುದಕ್ಕಿಂತ ಅದು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಪಕ್ಕೆಗಳ ಎರಡೂ ಬದಿಯಲ್ಲಿ ಒಂದೇ ರೀತಿ ಕೂದಲು ಉದುರಿದೆಯೇ, ಮೊಲೆತೊಟ್ಟುಗಳಲ್ಲಿ ಹಕ್ಕಳೆ ಕಟ್ಟಿದೆಯೇ ಎಂಬುದನ್ನೂ ನೋಡಿ, ಅವು ಅಂಡಾಶಯದ ಗುಳ್ಳೆಗಳ ಗುರುತುಗಳು.

ನಾಲ್ಕನೆಯ ಸಲ ಆಂಟಿಬಯಾಟಿಕ್ ಶುರುಮಾಡುವ ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಮೆತ್ತನೆಯ ಅಂಗಗಳಾದ ಗರ್ಭಕೋಶ, ಅಂಡಾಶಯ, ಮೂತ್ರಕೋಶದ ಗೋಡೆ ಇವು ಎಕ್ಸ್‌ರೇಯಲ್ಲಿ ಸ್ಪಷ್ಟವಾಗುವುದಿಲ್ಲ. ಸ್ಕ್ಯಾನಿನಲ್ಲಿ ಅವೆಲ್ಲ ಸರಿಯಾಗಿದ್ದರೆ ಮೂತ್ರವನ್ನು ಕಲ್ಚರ್‌ಗೆ ಕಳಿಸಿ, ನಿಜಕ್ಕೂ ಬ್ಯಾಕ್ಟೀರಿಯಾ ಇದೆಯೇ, ಇದ್ದರೆ ಯಾವ ಔಷಧಕ್ಕೆ ಜಗ್ಗುತ್ತದೆ ಎಂದು ತಿಳಿಯಬೇಕು. ಬ್ಯಾಕ್ಟೀರಿಯಾ ಇಲ್ಲದೆಯೇ ಮೂತ್ರಕೋಶದ ಗೋಡೆ ಉರಿಯೂತಗೊಳ್ಳುವುದೂ ಉಂಟು, ಅಂಥ ಪ್ರಾಣಿಗೆ ಆಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ, ನೋವು ಮತ್ತು ಉರಿಯೂತ ತಗ್ಗಿಸುವ ಔಷಧ ಬೇಕು. ಗರ್ಭಕೋಶದ್ದೇ ತೊಂದರೆಯೆಂದು ಕಂಡರೆ ಅದನ್ನೂ ಅಂಡಾಶಯವನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಐದು ವರ್ಷದ ಪ್ರಾಣಿಗೆ ಅದು ಸುಲಭದ ನಿರ್ಧಾರವಲ್ಲ. ಸ್ಕ್ಯಾನ್ ವರದಿ ಬಂದ ಕೂಡಲೇ, ಅದರ ಈಗಿನ ತೂಕವನ್ನೂ ಕಳೆದ ಎರಡು ತಿಂಗಳ ತೂಕ ಗೊತ್ತಿದ್ದರೆ ಅದನ್ನೂ ಸೇರಿಸಿ ಮತ್ತೆ ಬರೆಯಿರಿ, ಮುಂದಿನ ಸಂಚಿಕೆಯವರೆಗೆ ಕಾಯಿಸದೆ ಉತ್ತರಿಸುತ್ತೇನೆ.